ಇಲಿಗೆ ನಾಲ್ಕು ಸಾವಿರವೇ?

ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರು ಪತ್ರ ಬರೆದಿದ್ದಾರೆ. ಇನ್‌ಲ್ಯಾಂಡ್ ಲೆಟರಿನ ಕಾಲ ಮುಗಿದಿರುವುದರಿಂದ ಬಂದದ್ದೇನೋ ವಾಟ್ಸ್‌ಆ್ಯಪ್‌ನಲ್ಲಿ. ಧಾಟಿ ಮಾತ್ರ ಹಳೆಯದೇ. ‘ನಮ್ಮ ಹುಡುಗ ವಿಜಯಪುರದಾಗ ರೂಮ್ ಮಾಡಿಕೊಂಡು ಬಿ.ಕಾಂ. ಓದಾಕತ್ತಾನ್ರಿ. ಕಂಪ್ಯೂಟರದಾಗ ಆಟ ಆಡಾಕ ಬ್ಯಾರೆ ಮೌಸ್ ಬೇಕಂತ. ನಾಕು ಸಾವಿರ ಅಂತಾನ. ಅಂಗಡ್ಯಾಗ ಕೇಳಿದ್ರ ಮುನ್ನೂರು ರೂಪಾಯಿಗೂ ಮೌಸ್ ಐತಿ ಅಂದ್ರು. ಮ್ಯಾಲಿನ ಮೂರು ಸಾವಿರದ ಏಳುನೂರು ಯಾತಕ್ಕ ಅನ್ನೂದು ತಿಳೀವಲ್ದು. ಇಲಿನ ಬೇಕಂದ್ರ ನಮ್ಮ ಮಣೂಕದ ಶೆಡ್ಡಿನ್ಯಾಗ ಪುಕ್ಕಟೆ ಅದಾವ.’

ಓದಿ ನಗು ಬಂದರೂ ಪ್ರಶ್ನೆ ನಗುವಂಥದ್ದಲ್ಲ. ಒಣದ್ರಾಕ್ಷಿ ಮಾರಿದಾಗ ವರ್ಷಕ್ಕೊಮ್ಮೆ ದುಡ್ಡಿನ ಮುಖ ಕಾಣುವ ಮನೆ. ಅಲ್ಲಿ ಮೂರು ಸಾವಿರದ ಏಳುನೂರು ಎಂದರೆ ಔಷಧಿ ಅಂಗಡಿಯ ಉದ್ರಿಯಲ್ಲಿ ಒಂದು ಭಾಗ ತೀರುತ್ತದೆ. ಇತ್ತ ಹುಡುಗನ ಬೇಡಿಕೆಯೂ ಪೂರ್ತಿ ಹುಚ್ಚಲ್ಲ. ಅಪ್ಪ ಮಗ ಇಬ್ಬರೂ ಹಟ ಹಿಡಿದು ಕುಳಿತಿರುವಂತೆ ಕಾಣುವುದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಮೂರು ಸಾವಿರದ ಏಳುನೂರರಲ್ಲಿ ಸಾವಿರ, ಸಾವಿರದ ಇನ್ನೂರು ರೂಪಾಯಿಗೆ ನ್ಯಾಯವಿದೆ. ಉಳಿದದ್ದು ಹೋಗುವುದು ಬಣ್ಣದ ದೀಪಕ್ಕೆ, ಹೆಸರಿಗೆ, ವೈರಿಲ್ಲದ ಸೌಕರ್ಯಕ್ಕೆ, ಮತ್ತು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಗಳಿಗೆ.

ಆ ಅಂಕಿಗಳ ಮಾತು ಆಮೇಲೆ. ಮೊದಲು ಈ ಪ್ರಾಣಿಯ ಪೂರ್ವಾಪರ ಒಂದಿಷ್ಟು. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬಾತನ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಎಂಬ ಎಂಜಿನಿಯರ್ 1964ರಲ್ಲಿ ಮಾಡಿದ ಮೊದಲ ಮೌಸ್ ಒಂದು ಮರದ ತುಂಡು. ಕೆಳಗೆ ಎರಡು ಗಾಲಿ, ಮೇಲೆ ಒಂದು ಗುಂಡಿ. ಮುಂದೆ ಗಾಲಿ ಹೋಗಿ ರಬ್ಬರಿನ ಗುಂಡು ಬಂತು. ಸೈಬರ್ ಕೆಫೆಗಳ ಕಾಲದವರಿಗೆ ಅದು ನೆನಪಿರುತ್ತದೆ. ಬಾಣ ನಿಂತಲ್ಲೇ ನಿಂತರೆ ಮೌಸನ್ನು ಅಂಗಾತ ಮಲಗಿಸಿ, ಮುಚ್ಚಳ ತಿರುಗಿಸಿ, ಗುಂಡು ತೆಗೆದು, ಒಳಗಿನ ಉರುಳೆಗೆ ಸುತ್ತಿಕೊಂಡ ಕೊಳೆಯನ್ನು ಉಗುರಿನಿಂದ ಕೆರೆಯಬೇಕಿತ್ತು. ಆ ಗುಂಡನ್ನೇ ಕಿಸೆಗೆ ಇಳಿಸಿಕೊಂಡು ಹೋಗುವ ಪುಂಡರೂ ಇದ್ದರು. 1999ರಲ್ಲಿ ಮೈಕ್ರೋಸಾಫ್ಟ್ ಬೆಳಕಿನ ಮೌಸನ್ನು ಪೇಟೆಗೆ ತಂದ ಮೇಲೆ ಗುಂಡು ಮೆಲ್ಲಗೆ ಮರೆಯಾಯಿತು.

ಈಗಿನ ಮೌಸಿನ ಹೊಟ್ಟೆಯ ಕೆಳಗೆ ಒಂದು ಕಿಂಡಿ ಇದೆ ನೋಡಿ, ಅದರ ಹಿಂದೆ ಕುಳಿತಿರುವುದು ಪುಟ್ಟ ಕ್ಯಾಮೆರಾ. ಪಕ್ಕದ ದೀಪದ ಬೆಳಕಿನಲ್ಲಿ ಅದು ಮೇಜಿನ ಮೇಲ್ಮೈಯನ್ನು ಸೆಕೆಂಡಿಗೆ ಸಾವಿರಾರು ಸಲ ಚಿತ್ರ ತೆಗೆಯುತ್ತದೆ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಹೋಲಿಸಿ, ಕೈ ಎತ್ತ ಸರಿಯಿತು, ಎಷ್ಟು ಸರಿಯಿತು ಎಂದು ಲೆಕ್ಕ ಹಾಕುತ್ತದೆ. ಇದಕ್ಕೆ ಸೆನ್ಸರ್ ಎನ್ನುತ್ತಾರೆ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್‌ನಂಥ ಗುರಿ ಹಿಡಿಯುವ ಆಟಗಳಲ್ಲಿ ಹುಡುಗರು ಕೈಯನ್ನು ಚಾಟಿ ಬೀಸಿದಂತೆ ಬೀಸುತ್ತಾರೆ. ಮುನ್ನೂರು ರೂಪಾಯಿಯ ಮೌಸಿನ ಸೆನ್ಸರ್ ಅಷ್ಟು ವೇಗಕ್ಕೆ ಲೆಕ್ಕ ತಪ್ಪುತ್ತದೆ. ಬಾಣ ಎಲ್ಲಿಗೋ ಜಿಗಿಯುತ್ತದೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ಇದು ಜನ್ಮದಲ್ಲಿ ಗೊತ್ತಾಗುವುದಿಲ್ಲ. ಆಡುವವನಿಗೆ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. ಹುಡುಗನ ಪಾಲಿನ ನ್ಯಾಯ ಇರುವುದು ಇಲ್ಲಿ.

ಇನ್ನು ಅಂಕಿ. ಡಬ್ಬಿಯ ಮೇಲೆ 12,800 ಡಿಪಿಐ, 16,000 ಡಿಪಿಐ ಎಂದೆಲ್ಲ ಬರೆದಿರುತ್ತದೆ. ಮೌಸ್ ಒಂದು ಅಂಗುಲ ಸರಿದರೆ ಪರದೆಯ ಮೇಲಿನ ಬಾಣ ಎಷ್ಟು ಚುಕ್ಕಿ ದಾಟುತ್ತದೆ ಎಂಬುದರ ಎಣಿಕೆ ಇದು. ನಮ್ಮಲ್ಲಿ ಹೆಚ್ಚಿನವರ ಪರದೆಯ ಅಗಲ 1920 ಚುಕ್ಕಿ. ಮೌಸನ್ನು 800 ಡಿಪಿಐಗೆ ಇಟ್ಟರೆ ಎರಡೂವರೆ ಅಂಗುಲಕ್ಕಿಂತ ತುಸು ಕಡಿಮೆ ಸರಿಸಿದಾಗ ಬಾಣ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಅದನ್ನೇ 16,000ಕ್ಕೆ ಇಡಿ. ಆಗ ಮೂರು ಮಿಲಿಮೀಟರ್ ಸಾಕು. ಜೋಳದ ಕಾಳು ಇದಕ್ಕಿಂತ ದೊಡ್ಡದು! ಒಂದು ಜೋಳದ ಕಾಳಿನಷ್ಟು ಕೂಡ ಕೈ ಅಲುಗದೆ ಪರದೆ ಪೂರ್ತಿ ದಾಟುವ ಬಾಣದಿಂದ ಯಾವ ಅರ್ಜುನ ಗುರಿ ಹೊಡೆದಾನು? ಬಹುಮಾನಕ್ಕಾಗಿ ಆಡುವ ದೊಡ್ಡ ಆಟಗಾರರಲ್ಲಿ ಬಹುಪಾಲು ಮಂದಿ ಇಡುವುದು 400, 800, ಹೆಚ್ಚೆಂದರೆ 1600. ಅಗ್ಗದ ಮೌಸುಗಳ ಮೇಲಿನ ದೊಡ್ಡ ಅಂಕಿ ಎಷ್ಟೋ ಸಲ ಸೆನ್ಸರಿನ ನಿಜವಾದ ಶಕ್ತಿಯೂ ಅಲ್ಲ. ಅದು ಕಾಣದ ಚುಕ್ಕಿಗಳನ್ನು ಲೆಕ್ಕದಲ್ಲಿ ತುಂಬಿ ಉಬ್ಬಿಸಿದ್ದು.

ತಿಕೋಟಾದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಗಂಧಕದ ಹೊಗೆ ಕೊಟ್ಟು ಬಣ್ಣ ಬರಿಸಿದ ಮಣೂಕ ಯಾವುದು, ಗೊನೆಯಲ್ಲೇ ಸಕ್ಕರೆ ಏರಿ ಬಂದದ್ದು ಯಾವುದು ಎಂದು ಬಾಯಿಗೆ ಹಾಕದೆಯೇ ಹೇಳಬಲ್ಲವರು ಅವರು. ಡಬ್ಬಿಯ ಮೇಲಿನ ಡಿಪಿಐ ಆ ಹೊಗೆಯ ಬಣ್ಣದ ಜಾತಿಗೆ ಸೇರಿದ್ದು. ಕೇಳಬೇಕಾದದ್ದು ಸೆನ್ಸರಿನ ಹೆಸರು. ತೈವಾನಿನ ಪಿಕ್ಸ್‌ಆರ್ಟ್ ಕಂಪನಿಯ ಸೆನ್ಸರ್ ಇಂಥ ಮೌಸುಗಳಲ್ಲಿ ಸಾಮಾನ್ಯ. ತಯಾರಕರು ಅದರ ಮಾದರಿ ಸಂಖ್ಯೆಯನ್ನು ಬಹಿರಂಗವಾಗಿ ಹೇಳಿದ್ದರೆ ಒಳ್ಳೆಯ ಲಕ್ಷಣ. ಸೆನ್ಸರಿನ ಮಾತೇ ಎತ್ತದೆ ‘ಏಳು ಬಣ್ಣದ ದೀಪ’ ಎಂದು ಕೂಗುವ ಡಬ್ಬಿಯನ್ನು ಕಪಾಟಿನಲ್ಲೇ ಬಿಡುವುದು ಕ್ಷೇಮ.

ಇನ್ನೊಂದು ಅಂಕಿ ಹರ್ಟ್ಸ್. ಸಾಧಾರಣ ಮೌಸ್ ಸೆಕೆಂಡಿಗೆ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ. ಗೇಮಿಂಗ್ ಮೌಸ್ ಒಪ್ಪಿಸುವುದು 1000 ಸಲ. ಇದು ಬೇಕು. ಈಗ 8000 ಸಲದವೂ ಬಂದಿವೆ, ಅದು ಬೇಡ. 60 ಹರ್ಟ್ಸ್‌ನ ಪರದೆ ಚಿತ್ರ ಬದಲಿಸುವುದೇ ಸುಮಾರು 17 ಮಿಲಿಸೆಕೆಂಡಿಗೊಮ್ಮೆ. ರೂಮಿನ ವೈಫೈ ತೂಕಡಿಸಿದರೆ ಮುಂಬಯಿಯ ಸರ್ವರಿಗೆ ಸುದ್ದಿ ಮುಟ್ಟುವುದು ಅದಕ್ಕೂ ತಡ. ಅಲ್ಲಿ ಸೋಲುವ ಹೊತ್ತನ್ನು ಮೌಸಿನಲ್ಲಿ ಗೆಲ್ಲಲು ಬರುವುದಿಲ್ಲ.

ಇಷ್ಟು ಹೇಳಿ ಮುಗಿಸಬಹುದಿತ್ತು, ಬೆಂಗಳೂರಿನ ಓದುಗರಿಗಾಗಿದ್ದರೆ. ನಮ್ಮ ಸೀಮೆಯ ತೊಂದರೆ ಬೇರೆ. ಇಲ್ಲಿ ಮೌಸ್ ಸಾಯುವುದು ಸೆನ್ಸರಿನಿಂದಲ್ಲ, ಗುಂಡಿಯಿಂದ.

ಎಡಗುಂಡಿಯ ಕೆಳಗೆ ಹುಣಸೆ ಬೀಜದಷ್ಟು ಗಾತ್ರದ ಒಂದು ಸ್ವಿಚ್ಚು ಇದೆ. ಒಳಗೆ ಕಾಗದದಂಥ ತೆಳು ಲೋಹದ ಪಟ್ಟಿ. ಒತ್ತಿದಾಗ ಅದು ಬಾಗಿ ಇನ್ನೊಂದು ತುದಿಗೆ ತಾಗುತ್ತದೆ. ನಮಗೆ ಕೇಳುವ ಟಿಕ್ ಸದ್ದು ಅದೇ. ಪಟ್ಟಿ ದಣಿದರೆ, ತುದಿಗೆ ಕಿಲುಬೋ ಧೂಳೋ ಕೂತರೆ, ಒಮ್ಮೆ ಒತ್ತಿದ್ದು ಎರಡು ಸಲ ಒತ್ತಿದಂತೆ ದಾಖಲಾಗುತ್ತದೆ. ಇದಕ್ಕೆ ‘ಡಬಲ್ ಕ್ಲಿಕ್’ ಕಾಯಿಲೆ ಎನ್ನುತ್ತಾರೆ. ದುಬಾರಿ ಮೌಸುಗಳೂ ಇದಕ್ಕೆ ಹೊರತಲ್ಲ. ಸ್ವಿಚ್ಚಿನ ಆಯುಷ್ಯ ಎರಡು ಕೋಟಿ ಕ್ಲಿಕ್ ಎಂದು ಬರೆದಿರುತ್ತಾರೆ. ದಿನಕ್ಕೆ ಐದು ಸಾವಿರದಂತೆ ಒತ್ತಿದರೂ ಹನ್ನೊಂದು ವರ್ಷ ಬರಬೇಕು. ಆದರೆ ಆ ಎರಡು ಕೋಟಿಯನ್ನು ಎಣಿಸಿದ್ದು ಪ್ರಯೋಗಶಾಲೆಯ ಯಂತ್ರ. ಮಾರ್ಚಿಯಿಂದ ಮೇವರೆಗೆ ಎರೆ ಹೊಲದ ಧೂಳು ಕಿಟಕಿ ಸಂದಿಯಿಂದ ನುಗ್ಗುವ ರೂಮಿನಲ್ಲಿ, ಬೆವರು ಇಳಿಯುವ ಬೆರಳಿನಿಂದ ಒತ್ತಿ ಎಣಿಸಿದ್ದಲ್ಲ.

ಬಬಲೇಶ್ವರದಿಂದ ಬಂದ ಇನ್ನೊಂದು ಪತ್ರದ ಗೋಳೂ ಇದೇ. ಬರೆದ ತಂಗಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ನಡೆಸುತ್ತಾಳೆ. ಹಗಲೆಲ್ಲ ಪಹಣಿ, ಜಾತಿ-ಆದಾಯದ ಅರ್ಜಿ, ಪರೀಕ್ಷೆ ಶುಲ್ಕ. ರಾತ್ರಿ ಅದೇ ಕಂಪ್ಯೂಟರಿನಲ್ಲಿ ತಮ್ಮನ ಆಟ. ‘ವರ್ಷಕ್ಕ ಎರಡು ಮೌಸ್ ಹೊಕ್ಕಾವ್ರಿ. ಗೇಮಿಂಗಿಂದು ತಗೊಂಡ್ರ ಬಾಳಿಕಿ ಬರತಾವೇನು?’ ಎಂದು ಕೇಳಿದ್ದಾಳೆ. ಬರುತ್ತವೆ, ಎರಡು ವಿಷಯ ನೋಡಿಕೊಂಡರೆ. ಒಂದು, ಲೋಹದ ಪಟ್ಟಿಯ ಬದಲು ಬೆಳಕಿನ ಕಿರಣ ಕಡಿಯುವ ‘ಆಪ್ಟಿಕಲ್ ಸ್ವಿಚ್ಚು’ ಇರುವ ಮೌಸುಗಳು ಈಗ ಬಂದಿವೆ. ಅದರಲ್ಲಿ ತಾಗುವ ತುದಿಯೇ ಇಲ್ಲವಾದ್ದರಿಂದ ಡಬಲ್ ಕ್ಲಿಕ್ ಕಾಟ ಇರುವುದಿಲ್ಲ. ಅಳತೆಗೆ, ಬೆಲೆಗೆ ಹೊಂದಿ ಅಂಥದ್ದು ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಎರಡು, ಸಿಗದಿದ್ದರೆ ಬಿಚ್ಚಿ ರಿಪೇರಿ ಮಾಡಲು ಬರುವ ಮೌಸ್ ಇರಲಿ. ಬಹಳಷ್ಟು ವೈರಿನ ಮೌಸುಗಳಲ್ಲಿ ಇರುವುದು ಮೂರು ಕಾಲಿನ ಒಂದೇ ಮಾದರಿಯ ಸ್ವಿಚ್ಚು. ಬಿಡಿಯಾಗಿ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ಸೋಲ್ಡರಿಂಗ್ ಬಲ್ಲ ಯಾವ ಮೊಬೈಲ್ ರಿಪೇರಿಯವನಿಗೂ ಅರ್ಧ ಗಂಟೆಯ ಕೆಲಸ. ಸ್ಕ್ರೂ ಕಾಣಿಸುತ್ತಿಲ್ಲ ಎನ್ನುವವನಿಗೆ ಹೇಳಿ, ಅದು ಮೌಸಿನ ಕಾಲಿಗೆ ಅಂಟಿಸಿದ ನುಣುಪು ಪಟ್ಟಿಯ ಕೆಳಗಿರುತ್ತದೆ. ವಾರಂಟಿ ಮುಗಿಯುವ ತನಕ ಮಾತ್ರ ಬಿಚ್ಚುವ ಗೋಜು ಬೇಡ.

ವಾರಂಟಿ ಎಂದಾಗ ನೆನಪಾಯಿತು. ಒಂದು ವರ್ಷವೋ ಎರಡು ವರ್ಷವೋ ಎಂದು ಕೇಳುವ ನಾವು, ಕೆಟ್ಟರೆ ಯಾವ ಊರಿಗೆ ಒಯ್ಯಬೇಕು ಎಂದು ಕೇಳುವುದಿಲ್ಲ. ಸಾವಿರ ರೂಪಾಯಿಯ ಮೌಸಿಗಾಗಿ ಬಸ್ಸು ಹತ್ತಿ ದೊಡ್ಡ ಊರಿಗೆ ಹೋದರೆ ಟಿಕೆಟ್ಟು, ಊಟ, ಒಂದು ದಿನದ ಕೂಲಿ ಸೇರಿ ಮೌಸಿನ ಬೆಲೆ ಮುಟ್ಟುತ್ತದೆ. ವಿಜಯಪುರದ ಅಂಗಡಿಯವರೇ ಬದಲಿಸಿ ಕೊಡುತ್ತಾರೆಂದರೆ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಆದರೆ ಬಿಲ್ ಬೇಕು. ಚೀಟಿಯಲ್ಲ, ಜಿಎಸ್‌ಟಿ ಸಂಖ್ಯೆ ಇರುವ ಬಿಲ್. ಶೇ 18ರ ತೆರಿಗೆ ಹೇಗೂ ಬೆಲೆಯೊಳಗೇ ಸೇರಿದೆ. ‘ಬಿಲ್ ಬ್ಯಾಡಂದ್ರ ನೂರು ಕಡಿಮಿ’ ಎನ್ನುವ ಮಾತಿಗೆ ಮರುಳಾದರೆ ನಾಳೆ ಜಗಳವಾಡಲು ಕೈಯಲ್ಲಿ ಕಾಗದವಿಲ್ಲ. ಆನ್‌ಲೈನಿನಲ್ಲಿ ತರಿಸುವವರು ಡಬ್ಬಿ ಒಡೆಯುವಾಗ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಅಂಗಡಿಗೆ ಹೋಗುವ ಮುಂಚೆ ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಸ್ಕೇಲಿನಲ್ಲಿ ಅಳೆದುಕೊಳ್ಳಿ. ಇದು ಸೆನ್ಸರಿನಷ್ಟೇ ಮುಖ್ಯ, ಆದರೆ ಯಾರೂ ಹೇಳುವುದಿಲ್ಲ. ಹದಿನೇಳು ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಸಣ್ಣ ಕೈ, ಇಪ್ಪತ್ತು ದಾಟಿದರೆ ದೊಡ್ಡದು. ಸಣ್ಣ ಕೈಗೆ ದೊಡ್ಡ ಮೌಸ್ ಕೊಟ್ಟರೆ ತಿಂಗಳೊಳಗೆ ಮಣಿಕಟ್ಟು ನೋಯುತ್ತದೆ. ಆ ನೋವು ಆಟಕ್ಕೆ ನಿಲ್ಲದೆ ಪರೀಕ್ಷೆ ಬರೆಯುವ ಕೈಗೂ ಬರುತ್ತದೆ. ತೂಕ ನೋಡಿ ಗಟ್ಟಿತನ ಅಳೆಯುವುದು ಪಾತ್ರೆ ಅಂಗಡಿಯ ಅಭ್ಯಾಸ. ಇಲ್ಲಿ ಅದು ತಿರುಗುಮುರುಗು, ನೂರು ಗ್ರಾಮಿನೊಳಗೆ ಇದ್ದಷ್ಟೂ ಒಳ್ಳೆಯದು. ಭಾರ ಕಾಣಲೆಂದೇ ಒಳಗೆ ಕಬ್ಬಿಣದ ತುಂಡು ಕೂರಿಸಿದ ಅಗ್ಗದ ಮೌಸುಗಳೂ ಉಂಟು.

ಅಂಗಡಿಯಲ್ಲಿ ಕಂಪ್ಯೂಟರಿಗೆ ಜೋಡಿಸಿ ಪೇಂಟ್ ತೆರೆಯಿರಿ. ಮೂಲೆಯಿಂದ ಮೂಲೆಗೆ ನಿಧಾನವಾಗಿ ಓರೆ ಗೆರೆ ಎಳೆಯಿರಿ, ಆಮೇಲೆ ಜೋರಾಗಿ ಸುತ್ತು ಹಾಕಿ. ಗೆರೆ ನಡುಗಿದರೆ, ಸುತ್ತಿನ ನಡುವೆ ಬಾಣ ಹಾರಿದರೆ ಬೇಡ. ಎಡಗುಂಡಿ ಒತ್ತಿ ಹಿಡಿದು ಎಳೆಯುವಾಗ ಗೆರೆ ನಡುವೆ ತುಂಡಾದರೆ ಸ್ವಿಚ್ಚು ಹುಟ್ಟುರೋಗಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಹೆಸರು ಹೇಳದೆ ಬಿಟ್ಟರೆ ಪತ್ರ ಬರೆದವರು ಒಪ್ಪುವುದಿಲ್ಲ. ಎರಡು ಸಾವಿರದ ಆಸುಪಾಸಿನ ವೈರಿನ ಮೌಸುಗಳಲ್ಲಿ ಲಾಜಿಟೆಕ್ ಜಿ102 ಸಣ್ಣ ಮತ್ತು ನಡುಮಟ್ಟದ ಕೈಗೆ ಹೊಂದುತ್ತದೆ, ಉದ್ದ 11.6 ಸೆಂಟಿಮೀಟರ್, ತೂಕ 85 ಗ್ರಾಂ. ದೊಡ್ಡ ಕೈಯವರಿಗೆ ರೇಜರ್ ಡೆತ್‌ಆ್ಯಡರ್ ಎಸೆನ್ಷಿಯಲ್, ಉದ್ದ 12.7 ಸೆಂಟಿಮೀಟರ್, ತೂಕ 96 ಗ್ರಾಂ. ಇವುಗಳ ಡಿಪಿಐ 8000 ಮತ್ತು 6400 ಮಾತ್ರ. ಪಕ್ಕದ ಕಪಾಟಿನ ಅಗ್ಗದ ಡಬ್ಬಿಗಳಿಗಿಂತ ಕಡಿಮೆ ಅಂಕಿ, ಆದರೆ ಕೆಲಸದಲ್ಲಿ ಮೇಲು. ಸಾವಿರದೊಳಗೇ ಮುಗಿಯಬೇಕೆಂದರೆ ಕಾಸ್ಮಿಕ್ ಬೈಟ್, ರೆಡ್‌ಗಿಯರ್, ಆ್ಯಂಟ್ ಇಸ್ಪೋರ್ಟ್ಸ್‌ನಂಥ ನಮ್ಮ ದೇಶದ ಬ್ರಾಂಡುಗಳಿವೆ. ಅವುಗಳಲ್ಲಿ ಪ್ರತಿ ಮಾದರಿಯನ್ನೂ ಪೇಂಟಿನ ಪರೀಕ್ಷೆಗೆ ಒಡ್ಡಿಯೇ ಆರಿಸಬೇಕು. ಈ ಬೆಲೆಗೆ ವೈರಿಲ್ಲದ್ದು ಬೇಡ. ಬ್ಲೂಟೂತ್ ಅಂತೂ ಆಟಕ್ಕೆ ಬೇಡವೇ ಬೇಡ.

ಉಳಿಸಿದ ದುಡ್ಡಿನಲ್ಲಿ ಇನ್ನೂರು ಮುನ್ನೂರರ ಬಟ್ಟೆಯ ಪ್ಯಾಡು ಕೊಡಿಸಿ. ಶಹಾಬಾದ ಕಲ್ಲಿನ ಕಟ್ಟೆಯ ಮೇಲೆ, ಗಾಜಿನ ಟೀಪಾಯಿಯ ಮೇಲೆ ಮೌಸ್ ಉಜ್ಜಿದರೆ ಕಾಲಿನ ಪಟ್ಟಿ ಸವೆಯುತ್ತದೆ, ಗಾಜಿನ ಮೇಲೆ ಸೆನ್ಸರಿಗೆ ಹಿಡಿಯಲು ಗುರುತೇ ಸಿಗುವುದಿಲ್ಲ.

ತಿಕೋಟಾದವರ ಪತ್ರದ ಕೊನೆಗೆ ‘ಇದು ಜೂಜಿನ ಆಟ ಅಲ್ಲ ಹೌದಲ್ರಿ?’ ಎಂದೊಂದು ಸಾಲಿದೆ. ಅಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಬೇರೆಯೇ ಎಂದು ಗುರುತಿಸಿದೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇದಕ್ಕೆ ಪದಕಗಳಿದ್ದವು. ಮೌಸ್ ಬೇಡುವ ಆಟ ಸಾಮಾನ್ಯವಾಗಿ ಈ ಎರಡನೆಯ ಜಾತಿಯದು. ಹಣ ಕಳೆಯುವ ಆಟಗಳಿಗೆ ಮೊಬೈಲೇ ಸಾಕಾಗಿತ್ತು. ಆದರೆ ಆಟದೊಳಗೆ ಬಂದೂಕಿಗೆ ಬಣ್ಣ ಕೊಳ್ಳಲೂ ದುಡ್ಡು ಕೇಳುತ್ತಾರೆ. ಆ ಲೆಕ್ಕವನ್ನು ಮಗನ ಹತ್ತಿರ ಈಗಲೇ ಮಾತಾಡಿಕೊಳ್ಳಿ.

ಇನ್ನು ಶೆಡ್ಡಿನ ಪುಕ್ಕಟೆ ಇಲಿಗಳ ವಿಚಾರ. ರಜೆಗೆ ಹುಡುಗ ಊರಿಗೆ ಬಂದಾಗ ಮೌಸನ್ನು ರಾತ್ರಿ ಮೇಜಿನ ಮೇಲೆ ಬಿಡಬೇಡಿ, ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ. ಅವು ವೈರು ಕಡಿಯುತ್ತವೆ. ಇಲಿ ಕಡಿದದ್ದಕ್ಕೆ ಯಾವ ಕಂಪನಿಯ ವಾರಂಟಿಯೂ ಬರುವುದಿಲ್ಲ.