ಕರುಳಿನ ಕಾವಲು ದಾರಿ ತಪ್ಪಿದಾಗ

ಮಲದಲ್ಲಿ ರಕ್ತ ಕಂಡೊಡನೆ ಅದು ಮೂಲವ್ಯಾಧಿ, ಉಷ್ಣದಿಂದಾದದ್ದು ಎಂದು ನಾವೇ ತೀರ್ಮಾನಿಸಿಬಿಡುತ್ತೇವೆ. ಮಜ್ಜಿಗೆ ಕುಡಿದು, ನಾಚಿಕೆಯಿಂದ ಯಾರಿಗೂ ಹೇಳದೆ ತಿಂಗಳುಗಟ್ಟಲೆ ಕಳೆಯುತ್ತೇವೆ. ಈ ಮೌನವನ್ನು ನಾವು ಬಿಡಬೇಕು. ಏಕೆಂದರೆ ಅದರ ಹಿಂದೆ ಕರುಳಿನ ದೀರ್ಘಕಾಲದ ಉರಿಯೂತ ಅಡಗಿರಬಹುದು.

ನಮ್ಮ ಕರುಳಿನ ಒಳಗೋಡೆಯನ್ನು ಹೊದ್ದಿರುವುದು ಜೀವಕೋಶಗಳ ಒಂದೇ ಒಂದು ತೆಳುಪದರ. ಕೆಲವು ದಿನಗಳಿಗೊಮ್ಮೆ ಅದು ಹೊಸದಾಗುತ್ತಿರುತ್ತದೆ. ಅದರ ಮೇಲೆ ಲೋಳೆಯ ಹೊದಿಕೆ, ಅದರಾಚೆ ಅಸಂಖ್ಯ ಸೂಕ್ಷ್ಮಾಣುಗಳು. ಪದರದ ಕೆಳಗೆ ರೋಗನಿರೋಧಕ ಕಣಗಳ ಕಾವಲು. ಆರೋಗ್ಯವಂತರಲ್ಲಿ ಈ ಕಣಗಳು ಉಂಡ ಅನ್ನವನ್ನೂ ನಿರುಪದ್ರವಿ ಸೂಕ್ಷ್ಮಾಣುಗಳನ್ನೂ ಸಹಿಸಿಕೊಂಡು, ಹಾನಿಕಾರಕಗಳನ್ನು ಮಾತ್ರ ಎದುರಿಸುತ್ತವೆ.

ಕೆಲವರಲ್ಲಿ ಈ ವಿವೇಕ ತಪ್ಪುತ್ತದೆ. ವಂಶವಾಹಿಗಳು, ಪರಿಸರ, ಸೂಕ್ಷ್ಮಾಣುಗಳ ಏರುಪೇರು ಇವೆಲ್ಲ ಕೂಡಿ ಇದಕ್ಕೆ ಕಾರಣವಾಗುತ್ತವೆ. ಆಗ ಕಾವಲಿನ ಕಣಗಳು ಟಿಎನ್ಎಫ್ ಮೊದಲಾದ ಉರಿಯೂತಕಾರಿ ಪ್ರೋಟೀನುಗಳನ್ನು ಮಿತಿಮೀರಿ ಸ್ರವಿಸುತ್ತವೆ. ಅದರಿಂದ ಪದರದ ಜೀವಕೋಶಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ. ಆ ಸಂದಿನಿಂದ ಸೂಕ್ಷ್ಮಾಣುಗಳು ಒಳನುಗ್ಗುತ್ತವೆ. ಅವುಗಳನ್ನೆದುರಿಸಲು ಇನ್ನಷ್ಟು ಕಣಗಳು ಧಾವಿಸಿ ಬರುತ್ತವೆ. ಮನೆ ಕಾಯಬೇಕಾದವನೇ ಗೋಡೆ ಕೆಡವತೊಡಗಿದಂತಾಗುತ್ತದೆ. ಈ ಉರಿಯೂತ ದೊಡ್ಡಕರುಳಿನ ಒಳಪದರಕ್ಕೆ ಸೀಮಿತವಾಗಿದ್ದರೆ ಅಲ್ಸರೇಟಿವ್ ಕೊಲೈಟಿಸ್. ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ಕಾಣಿಸಿಕೊಂಡು, ಗೋಡೆಯ ಆಳಕ್ಕೂ ಇಳಿಯಬಲ್ಲದ್ದು ಕ್ರೋನ್ಸ್ ಕಾಯಿಲೆ. 1932ರಲ್ಲಿ ನ್ಯೂಯಾರ್ಕಿನ ವೈದ್ಯ ಬರ್ರಿಲ್ ಕ್ರೋನ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು.

ನಮ್ಮ ದೇಶದಲ್ಲಿ ಇನ್ನೊಂದು ತೊಡಕುಂಟು. ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯಂತೆಯೇ ತೋರುತ್ತದೆ. ಕ್ರೋನ್ಸ್ ಎಂದು ಬಗೆದು ಕೊಟ್ಟ ಸ್ಟೀರಾಯ್ಡ್ ಕ್ಷಯವನ್ನು ಉಲ್ಬಣಗೊಳಿಸಬಲ್ಲದು. ಆದ್ದರಿಂದ ಕೊಲೊನೋಸ್ಕೊಪಿ, ಬಯಾಪ್ಸಿಗಳಿಗೆ ಹಿಂಜರಿಯದೆ ತಜ್ಞ ವೈದ್ಯರಿಂದ ರೋಗವನ್ನು ಖಚಿತಪಡಿಸಿಕೊಳ್ಳುವುದೇ ಜಾಣತನ.

ರಕ್ತ ನಿಂತೊಡನೆ ಔಷಧಿಯನ್ನೂ ನಿಲ್ಲಿಸುವುದು ನಮ್ಮಲ್ಲಿ ಕಾಣುವ ಮತ್ತೊಂದು ತಪ್ಪು. ಹೊರಗಿನ ಲಕ್ಷಣ ಅಡಗಿದರೂ ಒಳಗೆ ಕಿಡಿ ಉಳಿದಿರಬಹುದು. ವರ್ಷಗಟ್ಟಲೆ ಆರದ ಉರಿಯೂತ ದೊಡ್ಡಕರುಳಿನ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತದೆ. ಪಥ್ಯ ನೆರವಾಗಬಹುದು, ಆದರೆ ಔಷಧಿಯ ಸ್ಥಾನವನ್ನು ಅದು ತುಂಬದು. ಔಷಧಿ ಕಡಿಮೆ ಮಾಡುವುದಾಗಲಿ ಬಿಡುವುದಾಗಲಿ ವೈದ್ಯರ ಸಲಹೆಯಂತೆಯೇ ಆಗಬೇಕು.

ಮನೆಯವರಿಗೂ ಒಂದು ಮಾತು: ಇದು ಅಂಟುರೋಗವಲ್ಲ. ರೋಗಿಗೆ ಬೇರೆ ತಟ್ಟೆ, ಬೇರೆ ಲೋಟ ಬೇಕಿಲ್ಲ. ಅವರು ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಲಿ. ಮೆಣಸಿನಕಾಯಿ ಬೇಡವೆಂದರೆ, ನಡುವೆ ಎದ್ದುಹೋದರೆ ಕಾರಣ ಕೇಳದಿರೋಣ. ನಾಚಿಕೆಯಿಲ್ಲದೆ ಹೇಳಿಕೊಳ್ಳುವ ಧೈರ್ಯ ಅವರಿಗೆ ಬರುವುದು ನಾವು ಕೇಳಿಸಿಕೊಳ್ಳುವ ರೀತಿಯಿಂದಲೇ.