ಕೊಟ್ಟಿಗೆಗೆ ಹೋಗುವ ಸೊಪ್ಪು ಅಡಿಗೆಮನೆಗೂ ಬರಲಿ



ಭತ್ತದ ಕೊಯ್ಲು ಮುಗಿದ ಮೇಲೆ ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿ ತಾಲ್ಲೂಕುಗಳಲ್ಲಿ ನೀರಿನ ಅನುಕೂಲವಿದ್ದವರು ಚಳಿಗಾಲದ ತರಕಾರಿಗೆ ಕೈ ಹಾಕುತ್ತಾರೆ. ನವಿಲುಕೋಸು, ಎಲೆಕೋಸು, ಹೂಕೋಸು, ಮೂಲಂಗಿ ಬೆಳೆದು ಸಂತೆಗೆ ಒಯ್ಯುತ್ತಾರೆ. ಗಡ್ಡೆ ಮಾರಾಟಕ್ಕೆ, ಎಲೆ ಕೊಟ್ಟಿಗೆಗೆ, ಇಲ್ಲವೇ ತಿಪ್ಪೆಗೆ. ಸಂತೆಯಿಂದ ಮರಳುವಾಗ ಅದೇ ರೈತನ ಚೀಲದಲ್ಲಿ ದುಡ್ಡು ಕೊಟ್ಟು ಕೊಂಡ ಸೊಪ್ಪಿನ ಕಟ್ಟು! ಈ ಲೆಕ್ಕ ಸರಿಯೇ ಎಂದು ನೀವೇ ಯೋಚಿಸಿ.

ದೊಡ್ಡ ಪೇಟೆಗಳಲ್ಲಿ ಈಗ ‘ಕೇಲ್’ ಎಂಬ ಸೊಪ್ಪಿಗೆ ಒಳ್ಳೆಯ ಬೆಲೆಯಿದೆ. ಅದು ತಲೆ ಕಟ್ಟದ, ಗಡ್ಡೆ ಬಿಡದ ಕೋಸು ಅಷ್ಟೆ. ಸಸ್ಯಶಾಸ್ತ್ರದ ಪ್ರಕಾರ ಕೇಲ್, ನವಿಲುಕೋಸು, ಎಲೆಕೋಸು, ಹೂಕೋಸು ನಾಲ್ಕೂ ಒಂದೇ ಜಾತಿ. ಕಾಶ್ಮೀರದವರು ನವಿಲುಕೋಸಿನ ಗಡ್ಡೆಯನ್ನೂ ಎಲೆಯನ್ನೂ ಕೂಡಿಸಿಯೇ ಬೇಯಿಸುತ್ತಾರೆ. ಪೇಟೆಯವರು ಬೆಲೆ ಕೊಟ್ಟು ಕೊಳ್ಳುವ ಸೊಪ್ಪಿನ ಒಡಹುಟ್ಟನ್ನು ನಾವು ತಿಪ್ಪೆಗೆ ಎಸೆಯುತ್ತಿದ್ದೇವೆ.

ಇದು ಕೇವಲ ರುಚಿಯ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಇಬ್ಬರಿಗೆ ರಕ್ತಹೀನತೆ ಇದೆ. ಸೊಪ್ಪು ತಿಂದ ಮಾತ್ರಕ್ಕೆ ಅದು ವಾಸಿಯಾಗದು. ಆಸ್ಪತ್ರೆಯವರು ಕೊಟ್ಟ ಕಬ್ಬಿಣದ ಮಾತ್ರೆ ಬಿಡಬಾರದು. ಆದರೂ ದಿನದ ಊಟದಲ್ಲಿ ಸೊಪ್ಪಿದ್ದರೆ ದೇಹಕ್ಕೆ ಬಲ. ಕೋಸಿನ ಎಲೆಯಲ್ಲಿರುವ ಸುಣ್ಣದ ಅಂಶ ಪಾಲಕ್‌ಗಿಂತ ಚೆನ್ನಾಗಿ ಮೈಗೆ ಹಿಡಿಯುತ್ತದೆ. ಪಲ್ಯ ಇಳಿಸಿದ ಮೇಲೆ ನಿಂಬೆ ಹಿಂಡಿದರೆ ಕಬ್ಬಿಣದ ಅಂಶವೂ ಹೆಚ್ಚು ದಕ್ಕುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ.

ಎಲೆ ಕೀಳುವುದಕ್ಕೂ ಒಂದು ಕ್ರಮವಿದೆ. ಬಿಸಿಲೇರುವ ಮೊದಲು ಕೀಳಬೇಕು. ಸುಳಿಯನ್ನು ಮುಟ್ಟಬಾರದು. ಗಡ್ಡೆ ಊದುತ್ತಿರುವ ಗಿಡದಿಂದ ಕೆಳಗಿನ ಒಂದೆರಡು ಎಲೆ ಮಾತ್ರ ತೆಗೆಯಿರಿ. ಹೆಚ್ಚು ಕಿತ್ತರೆ ಗಡ್ಡೆ ಸಣ್ಣದಾದೀತು. ಗಡ್ಡೆ ಕೊಯ್ದ ದಿನ ಎಳೆಯ ಎಲೆಗಳನ್ನೆಲ್ಲ ಮನೆಗೆ ತರಬಹುದು. ಮೂಲಂಗಿಯನ್ನು ಕಿತ್ತ ಕೂಡಲೇ ಸೊಪ್ಪು ಬೇರ್ಪಡಿಸಿ. ಹಾಗೇ ಬಿಟ್ಟರೆ ಎಲೆ ಗಡ್ಡೆಯ ನೀರನ್ನು ಎಳೆದು ಅದನ್ನು ಬಾಡಿಸುತ್ತದೆ. ಎಲೆಯ ದಪ್ಪ ದಂಟು ತೆಗೆದು, ಸಣ್ಣಗೆ ಹೆಚ್ಚಿ, ತೊಗರಿಬೇಳೆಯೊಡನೆ ಬೇಯಿಸಿ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ರೊಟ್ಟಿಗೂ ಆಯಿತು, ಅನ್ನಕ್ಕೂ ಆಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ಕೋಸಿಗೆ ವಜ್ರಬೆನ್ನಿನ ಪತಂಗದ ಕಾಟವೆಂದು ಮೇಲಿಂದ ಮೇಲೆ ವಿಷದ ಔಷಧಿ ಹೊಡೆಯುವ ರೂಢಿ ಬೆಳೆದಿದೆ. ಅಂಥ ಗಿಡದ ಎಲೆ ನಮಗೂ ಬೇಡ, ದನಕ್ಕೂ ಬೇಡ. ಔಷಧಿಯ ಡಬ್ಬಿಯ ಮೇಲೆ ನಮೂದಿಸಿದ ದಿನಗಳು ಕಳೆಯುವ ಮುಂಚೆ ಗಡ್ಡೆಯನ್ನೂ ಮಾರಬಾರದು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಎಲೆಕೋಸಿಗೆ ಸುಲಭ ಉಪಾಯವನ್ನು ತಿಳಿಸಿದೆ. ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ: ಒಂದನ್ನು ಸಸಿ ನೆಡುವ 15 ದಿನ ಮೊದಲು, ಇನ್ನೊಂದನ್ನು ನೆಟ್ಟ 25 ದಿನಕ್ಕೆ ಬಿತ್ತಬೇಕು. ಪತಂಗ ಸಾಸಿವೆಗೆ ಮುತ್ತುತ್ತದೆ. ಕೋಸಿಗೆ ಬೇವಿನ ಬೀಜದ ಕಷಾಯ ಸಾಕಾಗುತ್ತದೆ.

ಮನೆಯ ಊಟಕ್ಕೆಂದು ಹಿತ್ತಲಲ್ಲಿ ಅರ್ಧ ಗುಂಟೆ ಪ್ರತ್ಯೇಕವಾಗಿಡಿ. ಅಲ್ಲಿಗೆ ವಿಷ ಬೇಡ, ಪಕ್ಕದ ಗದ್ದೆಯಲ್ಲಿ ಹೊಡೆದದ್ದು ಗಾಳಿಗೆ ಹಾರಿ ಬರುವುದೂ ಬೇಡ. ಎಲ್ಲವನ್ನೂ ಒಂದೇ ದಿನ ನೆಡದೆ 15 ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ನೆಟ್ಟರೆ ಬೇಸಿಗೆ ಬರುವ ತನಕ ಸೊಪ್ಪಿಗೆ ಬರವಿಲ್ಲ. ನಡುವೆ ನಾಲ್ಕು ಸಾಲು ಹರಿವೆ, ಮೆಂತ್ಯ ಉದುರಿಸಿದರೆ ತಿಂಗಳೊಳಗೆ ಅವೂ ಕೈಗೆ ಬರುತ್ತವೆ. ಕಾಡಂಚಿನ ಜೋಯಿಡಾದವರು ಜಿಂಕೆ, ಮಂಗಗಳ ಕಣ್ಣಿಗೆ ಬೀಳದಂತೆ ಮನೆಗೆ ತಾಗಿಯೇ ಮಡಿ ಮಾಡಿಕೊಳ್ಳುವುದು ಲೇಸು.

ಊರಿಗೆಲ್ಲ ತರಕಾರಿ ಉಣ್ಣಿಸುವ ರೈತನ ಮನೆಯ ತಾಯಿ ಮಕ್ಕಳು ಸೊಪ್ಪಿಲ್ಲದೆ ಬಳಲಬಾರದು. ಈ ಹಂಗಾಮಿನಲ್ಲಿ ಮೊದಲ ಬುಟ್ಟಿ ಮನೆಗೆ, ಎರಡನೆಯದು ಸಂತೆಗೆ ಎಂದು ನಿಶ್ಚಯಿಸಿ. ಓದುಬಾರದ ನೆರೆಯವರಿಗೂ ಈ ಮಾತನ್ನು ಓದಿ ಹೇಳಿ.