ಮೂರಿಂಚಿನ ಕೌದಿ

ನಮ್ಮ ಧಾರವಾಡ ಕಡೆಯ ಕೌದಿ ಮುಂಬಯಿಯ ರೂಮು-ಕಿಚನ್ ಮನೆಗೆ ದೊಡ್ಡದೇ. ಹಾಸಿದರೆ ಕಾಲಿಡಲು ಜಾಗವಿಲ್ಲ, ಮಳೆಗಾಲದಲ್ಲಿ ಒಗೆದರೆ ಬೇಗ ಒಣಗುವುದಿಲ್ಲ. ಅದಕ್ಕೇ ಈ ಸಲ ಗೋಡೆಗೆ ತೂಗುಹಾಕುವ, ಮೂರಿಂಚು ಚೌಕದ ಪುಟ್ಟ ಕೌದಿಯ ಮಾತು.

ಕೌದಿ ಹೊಲಿದು ಗೊತ್ತಿರುವವರಿಗೂ ಇದು ಹೊಸ ಲೆಕ್ಕ. ಊರಿನ ಕೌದಿಯಲ್ಲಿ ತುಂಡಿನ ಮೇಲೆ ತುಂಡು ಹಾಸಿ ರನ್ನಿಂಗ್ ಹೊಲಿಗೆ ಹಾಕುತ್ತೇವೆ. ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ, ಅಳತೆಯೆಲ್ಲ ಕಣ್ಣಲ್ಲೇ. ತುಂಡು ಅರ್ಧ ಇಂಚು ಹೆಚ್ಚಾದರೆ ಪಕ್ಕದ್ದರ ಅಡಿ ಸೇರುತ್ತದೆ. ಪುಟ್ಟ ಕೌದಿಯಲ್ಲಿ ಅಂಚಿಗೆ ಅಂಚು ಕೂಡಿಸಿ ಹೊಲಿಯುವುದರಿಂದ ತಪ್ಪು ಅಡಗಿಸಲು ಜಾಗವೇ ಇಲ್ಲ.

ನಾನು ಇದಕ್ಕೆ ಕೈಹಾಕಿದ್ದು ಅವ್ವನ ಇಳಕಲ್ ಸೀರೆಯ ಸಲುವಾಗಿ. ಅವ್ವ ಹೋದ ಮೇಲೆ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಎಲ್ಲೆಡೆ ಜಾಳು. ಗಟ್ಟಿ ಉಳಿದದ್ದು 8 ಇಂಚು ಉದ್ದ, 5 ಇಂಚು ಅಗಲ. ಹುಬ್ಬಳ್ಳಿಯ ಅಣ್ಣ, ಪುಣೆಯ ತಂಗಿ, ಡೊಂಬಿವಲಿಯ ನಾನು: ಮೂವರಿಗೂ ಒಂದೊಂದು ಬ್ಲಾಕ್ ಆಗಬೇಕು. ಒಂಬತ್ತು ಮನೆಯ ಬ್ಲಾಕಿನಲ್ಲಿ ನಾಲ್ಕು ಮೂಲೆ ಮತ್ತು ನಡುವಿಗೆ ಅವ್ವನ ಸೀರೆ, ಉಳಿದ ನಾಲ್ಕಕ್ಕೆ ಬಿಳಿ ಕಾಟನ್. ಅಂದರೆ ಸೀರೆಯಿಂದ 15 ತುಂಡು. ಹದಿನಾರನೆಯದು ಸಿಗುವುದಿಲ್ಲ.

ಮೊದಲು ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿ. ಹಳೆಯ ಸೀರೆ ಮೆತ್ತಗಿರುತ್ತದೆ. ಗಂಜಿಯಿಲ್ಲದಿದ್ದರೆ ಕತ್ತರಿಯಡಿಯೇ ಜಾರುತ್ತದೆ. ನೂಲಿನ ಎಳೆಯ ಜಾಡಿನಲ್ಲೇ ಒಂದೂವರೆ ಇಂಚಿನ ಚೌಕ ಕತ್ತರಿಸಿ. ಸುತ್ತ ಕಾಲು ಇಂಚು ಮಾರ್ಜಿನ್ ಹೋದರೆ ಕಾಣುವುದು ಒಂದು ಇಂಚು.

ಹೊಲಿಗೆ ಒಂದು ಮಿಲಿಮೀಟರ್ ಒಳಗೆ ಬಿದ್ದರೂ ಎರಡು ತುಂಡಿನಿಂದ ಎರಡು ಮಿಲಿಮೀಟರ್ ಹೋಯಿತು. ಒಂದು ಸಾಲಿಗೆ ಎರಡು ಹೊಲಿಗೆ, ಅಲ್ಲಿಗೆ ನಾಲ್ಕು. ದೊಡ್ಡ ಕೌದಿಯಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ, ಮೂರಿಂಚಿನಲ್ಲಿ ಮೂಲೆಗಳೇ ಕೂಡುವುದಿಲ್ಲ. ಮಡಿಕೆಯೂ ಒಂದೆರಡು ಎಳೆ ತಿನ್ನುತ್ತದೆ. ಆದ್ದರಿಂದ ಕಾಲು ಇಂಚಿಗಿಂತ ಕೂದಲೆಳೆಯಷ್ಟು ಕಡಿಮೆ ಹಿಡಿದು, ಸಣ್ಣ ಸಣ್ಣ ಹೊಲಿಗೆ ಹಾಕಿ. ಮೂರು ತುಂಡಿನ ಸಾಲು ಸರಿಯಾಗಿ ಮೂರೂವರೆ ಇಂಚು ಇರಬೇಕು. ಇಲ್ಲದಿದ್ದರೆ ಆಗಲೇ ಬಿಚ್ಚಿ. ಮುಂದಿನ ಸಾಲಿನಲ್ಲಿ ಹೊಂದಿಸುತ್ತೇನೆಂದರೆ ಆಗದು.

ಮಾರ್ಜಿನ್‌ಗಳನ್ನು ಗಾಢ ಬಣ್ಣದ ಕಡೆ ಮಡಿಸಿ, ಇಸ್ತ್ರಿ ಎಳೆಯದೆ ಒತ್ತಿ. ಆಗ ಒಂದು ಸಾಲಿನ ಮಡಿಕೆ ಹೊರಗೆ, ಮುಂದಿನ ಸಾಲಿನದು ಒಳಗೆ ಬಂದು, ಸಾಲು ಕೂಡಿಸುವಾಗ ಒಂದಕ್ಕೊಂದು ಆತುಕೊಳ್ಳುತ್ತವೆ. ಬ್ಲಾಕ್ ಮುಗಿದು ಅಳತೆ ಸರಿ ಬಂದ ಮೇಲಷ್ಟೇ ಒಳಗಿನ ಮಾರ್ಜಿನ್ ಅರ್ಧಕ್ಕೆ ಕತ್ತರಿಸಿ.

ನೆನಪಿನ ಬಟ್ಟೆಯಿದ್ದವರು ಮೊದಲು ಹಳೆಯ ದಿಂಬಿನ ಕವರಿನಲ್ಲಿ ಎರಡು ಬ್ಲಾಕ್ ಹೊಲಿದು ನೋಡಿ. ಎರಡೂ ಒಂದೇ ಅಳತೆಗೆ ಬಂದರೆ ಸೀರೆಗೆ ಕತ್ತರಿ ಹಾಕಬಹುದು.